ಸ್ಪೀಡ್ ನೂರಿದೆ, ದನಿ ಯಾಕೆ ಕಟ್ ಆಗುತ್ತೆ?

ಬೆಳಗಾವಿ ಟಿಳಕವಾಡಿಯ ನಮ್ಮ ಓಣಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಹುಡುಗನೊಬ್ಬ ಹೋದ ವಾರ ಬಂದ. "ಕಾಕಾ, ಸ್ಪೀಡ್ ಟೆಸ್ಟ್‌ನ್ಯಾಗ ನೂರು ತೋರಸ್ತೈತ್ರಿ, ಮೀಟಿಂಗ್‌ನ್ಯಾಗ ಮಾತ್ರ ದನಿ ಕಟ್ ಆಗ್ತೈತಿ." ಹೊಸ ರೂಟರ್ ತರಲು ಆಗಲೇ ಹೊರಟಿದ್ದ. ಸ್ಪೀಡ್ ಎಷ್ಟಿದ್ದರೂ ದನಿ ತಡವಾಗಿ ತಲುಪಿದರೆ ಕಟ್ ಆಗುತ್ತೆ. ಆ ತಡ ಎಲ್ಲಿ ಆಗುತ್ತಿದೆ ಅಂತ ಅಳೆಯದೆ ದುಡ್ಡು ಕಳೆಯುವವರೇ ಜಾಸ್ತಿ.

ಮೊದಲು ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಿ. ಮನೆಯ ಉಳಿದ ಫೋನ್, ಟಿವಿಗಳ ವೈಫೈ ಆಫ್ ಮಾಡಿ.

ಎರಡನೆಯದು, ರೂಟರ್‌ಗೆ ಪಿಂಗ್ ಮಾಡಿ. ಪಿಂಗ್ ಅಂದರೆ ಡೇಟಾದ ಪುಟ್ಟ ತುಣುಕು (ಪ್ಯಾಕೆಟ್) ಕಳಿಸಿ, ಅದು ಹೋಗಿ ಬರಲು ಎಷ್ಟು ಹೊತ್ತಾಯಿತು ಅಂತ ತೋರಿಸುವ ಕಮಾಂಡ್. ವಿಳಾಸ ಸಾಮಾನ್ಯವಾಗಿ 192.168.1.1, ಇಲ್ಲದಿದ್ದರೆ ರೂಟರ್ ಕೆಳಗಿನ ಚೀಟಿ ನೋಡಿ. ಕೇಬಲ್‌ನಲ್ಲಿ 1 ಮಿಲಿಸೆಕೆಂಡ್ ಆಸುಪಾಸು ಬರಬೇಕು. ಅದೇ ವೈಫೈನಲ್ಲಿ 3, 5, 80 ಅಂತ ಕುಣಿದರೆ ತಪ್ಪು ಮನೆಯೊಳಗೇ ಇದೆ, ಕಂಪನಿಯವರನ್ನು ಬೈಯಬೇಡಿ.

ಮೂರನೆಯದು, ಹೊರಗಿನ 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್. ವಿಂಡೋಸ್ ಸುಮ್ನೆ ನಾಲ್ಕು ಸಲ ಕಳಿಸಿ ನಿಲ್ಲಿಸುತ್ತದೆ. ಒಂದಗುಳು ಹಿಚುಕಿ ಅನ್ನ ಬೆಂದಿದೆ ಅನ್ನಬಹುದು, ಇಲ್ಲಿ ಆ ಲೆಕ್ಕ ನಡೆಯೋದಿಲ್ಲ. ನೂರು ಸಲ ಕಳಿಸಿ. ಸೆಕೆಂಡಿಗೊಂದು ಪುಟ್ಟ ಪ್ಯಾಕೆಟ್ ಅಷ್ಟೇ, ಡೇಟಾ ಖರ್ಚು ಲೆಕ್ಕಕ್ಕಿಲ್ಲ. ಹೋಗಿ ಬರುವ ಒಟ್ಟು ಸಮಯ ಸಾಕು. ಹೋಗುವುದನ್ನು ಮಾತ್ರ ಅಳೆಯಲು ಎರಡೂ ಕಡೆಯ ಗಡಿಯಾರ ಕರಾರುವಾಕ್ಕಾಗಿ ಹೊಂದಬೇಕು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿ.ಮೀ., ಹೋಗಿ ಬರಲು 5 ಮಿಲಿಸೆಕೆಂಡ್ ಬೇಕೇ ಬೇಕು. ಅದನ್ನು ಯಾವ ಪ್ಲಾನೂ ಇಳಿಸಲಾರದು. 'ಪಿಂಗ್ ಬೂಸ್ಟರ್' ಆ್ಯಪ್‌ಗಳನ್ನಂತೂ ಈಗಲೇ ಅಳಿಸಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಖಾಲಿ ಲೈನ್ ಅಳೆದು 'ಸರಿ ಇದೆ' ಅಂತಾರೆ. ಪಿಂಗ್ ಓಡುತ್ತಿರುವಾಗಲೇ ದೊಡ್ಡದೊಂದು ವಿಡಿಯೊ ಅಪ್‌ಲೋಡ್‌ಗೆ ಹಾಕಿ. ಡೌನ್‌ಲೋಡ್ ಒಂದನ್ನೇ ನೋಡಿ ಬಿಡಬೇಡಿ. 20 ಇದ್ದದ್ದು 300ಕ್ಕೆ ಹಾರಿತೇ? ಪ್ಯಾಕೆಟ್‌ಗಳು ರೂಟರ್‌ನ ಬಫರ್‌ನಲ್ಲಿ, ಅಂದರೆ ಸರದಿ ಕಾಯುವ ಜಾಗದಲ್ಲಿ, ಸಾಲುಗಟ್ಟಿವೆ. ನಮ್ಮ ಎರಡನೇ ರೈಲ್ವೆ ಗೇಟ್ ಹಾಕಿದಾಗ ರಸ್ತೆಯ ಅಗಲ ಅಷ್ಟೇ ಇರುತ್ತೆ, ಸಾಲು ಬೆಳೆಯುತ್ತೆ ಅಲ್ವಾ? ನಿಮ್ಮ ಪಿಂಗ್ ಲಾರಿಗಳ ಹಿಂದೆ ನಿಂತ ಸೈಕಲ್.

ಇಲ್ಲಿ ಸರಾಸರಿ ನೋಡಲೇಬೇಡಿ. ನೂರರಲ್ಲಿ ತೊಂಬತ್ತು ಸಲ 20, ಹತ್ತು ಸಲ 300 ಬಂದರೆ ಸರಾಸರಿ 48. ಕಾಗದದ ಮೇಲೆ ಚೆಂದ, ಮೀಟಿಂಗ್‌ನಲ್ಲಿ ದನಿ ಹರಿದಿರುತ್ತೆ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, 95ನೆಯದನ್ನು ನೋಡಿ.

ದಾರಿಯ ಒಂದೊಂದು ರೂಟರ್‌ನ ಸಮಯವನ್ನೂ ಸಾಲು ಸಾಲಾಗಿ ತೋರಿಸುವ ಟ್ರೇಸ್‌ರೂಟ್ ಕಮಾಂಡ್ ಹಾಕಿದಾಗ ನಡುವಿನ ಒಂದೇ ಸಾಲಿನಲ್ಲಿ 200 ಕಂಡು, ಮುಂದಿನವು ಮಾಮೂಲಿ ಇದ್ದರೆ ಗಾಬರಿ ಬೇಡ. ಆ ರೂಟರ್ ತನ್ನ ಕೆಲಸ ಮುಗಿಸಿ ನಿಮಗೆ ನಿಧಾನವಾಗಿ ಉತ್ತರಿಸಿದೆ, ಅಷ್ಟೇ.

ಸಾಲು ಕರಗಿಸಲು ರೂಟರ್‌ನಲ್ಲಿ ಎಸ್‌ಕ್ಯೂಎಂ (ಸಾಲು ಬೆಳೆಯದಂತೆ ನೋಡಿಕೊಳ್ಳುವ ಸೆಟ್ಟಿಂಗ್) ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಜವಾಗಿ ಸಿಗುವ ವೇಗದ ನೂರಕ್ಕೆ 90ಕ್ಕೆ ಇಳಿಸಿ, ಮತ್ತೆ ಅಳೆಯಿರಿ. ಹುಡುಗನ ಮನೆಯಲ್ಲಿ ಅದೂ ಬೇಕಾಗಲಿಲ್ಲ. ಅವನ ಅಣ್ಣನ ಫೋನು ದಿನಾ ಮೀಟಿಂಗ್ ಹೊತ್ತಿಗೇ ಮದುವೆ ವಿಡಿಯೊಗಳನ್ನು ಬ್ಯಾಕಪ್ ಮಾಡುತ್ತಿತ್ತು.