ತ್ರೋ-ಇನ್ ನಂಬಿ ಫೈನಲ್ ತಲುಪಿದೆವು

ಮಂಗಳೂರು ಸೀಮೆಯಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ಹೇಗೆಂದು ನಿಮಗೆ ಗೊತ್ತೇ ಇದೆ. ಅನುಕೂಲವಿದ್ದವರು ಶುಲ್ಕ ಬಿಟ್ಟು, ಹಾಸ್ಟೆಲ್ ಕೊಟ್ಟು ಕೇರಳದಿಂದ ಆಟಗಾರರನ್ನು ಕರೆತರುತ್ತಾರೆ. ನನ್ನ ಕೈಗೆ ಫುಟ್‌ಬಾಲ್‌ಗೆಂದು ಬರುವುದು ವರ್ಷಕ್ಕೆ ಇಪ್ಪತ್ತೈದು ಸಾವಿರದ ಆಸುಪಾಸು. ಪಾಸ್ ಆಟದಲ್ಲಿ ಅವರನ್ನು ಮಣಿಸುವ ಆಸೆ ಬಿಟ್ಟು, ಇಡೀ ಸೀಸನ್ನನ್ನು ಉದ್ದ ತ್ರೋ-ಇನ್ ಮೇಲೆ, ಅಂದರೆ ಪಕ್ಕದ ಗೆರೆ (ಟಚ್‌ಲೈನ್) ದಾಟಿದ ಚೆಂಡನ್ನು ಎರಡೂ ಕೈಯಿಂದ ಒಳಗೆಸೆಯುವುದರ ಮೇಲೆ, ಕಟ್ಟಿದೆ. "ಸರ್, ಇದು ಫುಟ್‌ಬಾಲೋ ಥ್ರೋಬಾಲೋ?" ಎಂದು ಬೇರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ನಕ್ಕರು.

ತ್ರೋ-ಇನ್‌ಗೆ ಆಫ್‌ಸೈಡ್ ಇಲ್ಲ, ನಮ್ಮವರು ರಕ್ಷಕರನ್ನು ದಾಟಿ ಗೋಲಿನ ಬಳಿಯೇ ನಿಂತಿರಬಹುದು. ಕೆಸರಿನಲ್ಲಿ ಪಾಸ್ ನಿಂತುಹೋಗುತ್ತದೆ, ಗಾಳಿಯಲ್ಲಿ ಹೋಗುವ ಚೆಂಡಿಗೆ ಕೆಸರಿನ ಹಂಗಿಲ್ಲ. ನನ್ನ ಲೆಕ್ಕ ಇಷ್ಟೇ.

ಎಸೆಯುವವನು ಸಿಗುವುದೇ ಕಷ್ಟವಾಯಿತು. ಉದ್ದ ತ್ರೋ-ಇನ್‌ಗೆ ಹೆಸರಾಗಿದ್ದ, ಇಂಗ್ಲೆಂಡಿನ ಸ್ಟೋಕ್ ಸಿಟಿ ತಂಡದ ರೋರಿ ಡೆಲಾಪ್ ಶಾಲಾ ದಿನಗಳಲ್ಲಿ ಜಾವೆಲಿನ್ ಎಸೆಯುತ್ತಿದ್ದನಲ್ಲ, ಆ ಧೈರ್ಯದಲ್ಲಿ ನಮ್ಮ ಜಾವೆಲಿನ್ ಹುಡುಗನನ್ನು ಹಿಡಿದೆ. ಒಂದೇ ಕೈಯ ಅಭ್ಯಾಸ, ಹಿಂದಿನ ಕಾಲು ಮೇಲೇಳುತ್ತಿತ್ತು. ಅಭ್ಯಾಸ ಪಂದ್ಯದಲ್ಲಿ ಎಸೆದದ್ದೆಲ್ಲ ಫೌಲ್. ವೇಗದ ಬೌಲರ್ ಒಬ್ಬ ವಾರದಲ್ಲೇ ಭುಜ ಹಿಡಿದುಕೊಂಡು ಕುಳಿತ. ಕೊನೆಗೆ ಒದಗಿದವನು ಬೆಂಗ್ರೆಯ ಸಣಕಲು ಲೆಫ್ಟ್ ಬ್ಯಾಕ್. ಮೂರು ಕಿಲೋ ಮೆಡಿಸಿನ್ ಬಾಲ್ (ವ್ಯಾಯಾಮಕ್ಕೆ ಬಳಸುವ ಭಾರದ ಚೆಂಡು), ಹೊಟ್ಟೆಯ ವ್ಯಾಯಾಮ, ನಾಲ್ಕು ಹೆಜ್ಜೆಯ ಓಟ. ಹದಿನೆಂಟು ಮೀಟರ್ ಎಸೆಯುತ್ತಿದ್ದವನು ಎರಡು ತಿಂಗಳಲ್ಲಿ ಇಪ್ಪತ್ತೆಂಟರ ಹತ್ತಿರ ಬಂದ. ಬೆರಳು ಹಿಡಿಯುವ ರೀತಿಯಲ್ಲೂ ಒಂದು ಗುಟ್ಟಿದೆ, ಅದು ನಮ್ಮಲ್ಲೇ ಇರಲಿ. ಟಚ್‌ಲೈನಿನಿಂದ ಹತ್ತಿರದ ಗೋಲ್ ಕಂಬಕ್ಕೆ ಸುಮಾರು 30 ಮೀಟರ್. ಮೈದಾನದ ಅಗಲ ಎಲ್ಲೆಡೆ ಒಂದೇ ಇರುವುದಿಲ್ಲವಾದ್ದರಿಂದ ಪಂದ್ಯಕ್ಕೆ ಮೊದಲು ನಾನೇ ಹೆಜ್ಜೆ ಹಾಕಿ ಅಳೆಯುತ್ತಿದ್ದೆ.

ಒದ್ದೆ ಚೆಂಡು ಜಾರುತ್ತದೆ. ತೋಟದ ಕೆಲಸದ ಕೈಗವಸು ಹಾಕಿಸಿ ನೋಡಿದೆ, ನೀರು ಕುಡಿದು ಭಾರವಾಯಿತು. ಆಮೇಲೆ ಜೆರ್ಸಿಯ ಒಳಮಗ್ಗುಲಿಗೆ ಟವೆಲ್ ತುಂಡು ಹೊಲಿಸಿದೆ. ದರ್ಜಿ ಜೆರ್ಸಿಗೆ ಮೂವತ್ತು ರೂಪಾಯಿ ತೆಗೆದುಕೊಂಡ. ಇಡೀ ಸೀಸನ್ನಿನಲ್ಲಿ ಅಷ್ಟು ಸಾರ್ಥಕವಾದ ಖರ್ಚು ಬೇರೆ ಇಲ್ಲ. ಶೂಗಳಿಗಿಂತ ಹೆಚ್ಚು ಹಣ ನುಂಗಿದ್ದು ಮೊಟ್ಟೆ, ಬಾಳೆಹಣ್ಣು: ಹತ್ತು ಸಾವಿರ ದಾಟಿರಬೇಕು. ಅದರ ಬಿಲ್ ಇನ್ನೂ ಪಾಸಾಗಿಲ್ಲ.

ಗೋಲಿನ ಮುಂದೆ ನಿಲ್ಲಲು ಕಬಡ್ಡಿ ತಂಡದ ಇಬ್ಬರನ್ನು ಸೇರಿಸಿಕೊಂಡೆ. ಅವರಿಗೆ ಹೆಡ್ ಮಾಡಲು ಬಾರದು, ಆದರೆ ನಿಂತ ಜಾಗ ಬಿಟ್ಟುಕೊಡುವವರಲ್ಲ. ಮೊದಲ ಪಂದ್ಯದಲ್ಲೇ ಒಬ್ಬ ಎದುರಾಳಿಯ ಸೊಂಟ ಹಿಡಿದು ಹಳದಿ ಕಾರ್ಡ್ ಪಡೆದ.

ಒಟ್ಟು ಏಳೆಂಟು ಗೋಲು ಹೊಡೆದೆವು, ಐದು ತ್ರೋ-ಇನ್‌ನಿಂದಲೇ ಬಂದವು. ಸೆಮಿಫೈನಲ್‌ನಲ್ಲಿ ಎದುರಾಳಿ ರಕ್ಷಕರು ಟಚ್‌ಲೈನ್ ಆಚೆ ಹೊಡೆಯಲು ಹೆದರಿ ಕಾರ್ನರ್ ಕೊಡತೊಡಗಿದರು. ನಕ್ಕಿದ್ದ ನಿರ್ದೇಶಕರದೇ ತಂಡ ಅದು, 1–0ಯಿಂದ ಗೆದ್ದೆವು. ಫೈನಲ್ ದಿನ ಮಳೆ ಬಿಡುವು ಕೊಟ್ಟಿತು, ನೆಲ ಗಟ್ಟಿಯಾಯಿತು, ಅವರ ಪಾಸ್‌ಗಳು ಓಡಿದವು. 2–1ರಿಂದ ಸೋತೆವು. ನಮ್ಮ ಆ ಒಂದು ಗೋಲು ಹೇಗೆ ಬಂತೆಂದು ಹೇಳಬೇಕಿಲ್ಲ.

ಈಗ ಎರಡು ಕಾಲೇಜುಗಳಲ್ಲಿ ಮೆಡಿಸಿನ್ ಬಾಲ್ ಕೊಂಡಿದ್ದಾರಂತೆ. ಎಸೆತದ ಹೊತ್ತಿಗೆ ಮೊದಲ ಕಂಬದ ಬಳಿಯಿಂದ ಯಾರು ಎತ್ತ ಓಡಬೇಕೆಂದು ಫೋನ್ ಮಾಡಿ ಕೇಳಿದವರಿಗೆ, ಮುಂದಿನ ಟೂರ್ನಿ ಮುಗಿಯಲಿ ಎಂದಿದ್ದೇನೆ.