ಸ್ವೆಟರ್ ಬಿಡಿಬಿಡಿಯಾಗಿ ಹೆಣೆಯುವವರಿಗೆ

ಮೈಸೂರಿನಲ್ಲಿ ಡಿಸೆಂಬರ್ ಬೆಳಗಿನ ಚಳಿಗೆ ಕೈಯಲ್ಲಿ ಹೆಣೆದ ಸ್ವೆಟರ್‌ಗಿಂತ ಹಿತ ಬೇರೆ ಇಲ್ಲ, ಅಲ್ವಾ? ಬೆನ್ನು, ಮುಂಭಾಗ, ತೋಳುಗಳನ್ನು ಬೇರೆ ಬೇರೆಯಾಗಿ ಹೆಣೆದು ಕೊನೆಗೆ ಹೊಲಿದು ಜೋಡಿಸಲು ಈಗಲೇ ಶುರು ಮಾಡಿದವರಿಗೆ ಒಂದು ಮಾತು.

ಕಾಳುಕಾಳಾಗಿ ಕಾಣುವ ಹೆಣಿಗೆ (ಒಂದು ನಿಟ್ ಅಂದರೆ ನೇರ ಕುಣಿಕೆ, ಒಂದು ಪರ್ಲ್ ಅಂದರೆ ಉಲ್ಟಾ ಕುಣಿಕೆ, ಮುಂದಿನ ಸಾಲಿನಲ್ಲಿ ಅದಲುಬದಲು) ನೋಡಲು ಚೆಂದ. ಆದರೆ ಅಂಚಿನವರೆಗೂ ಅದನ್ನೇ ಹಾಕಿದರೆ ಜೋಡಿಸುವಾಗ ಎಲ್ಲಿ ಸೂಜಿ ಹಾಕಬೇಕೆಂದೇ ಗೊತ್ತಾಗುವುದಿಲ್ಲ. ಎರಡೂ ಅಂಚಿನಲ್ಲಿ ಒಂದೊಂದು ಕುಣಿಕೆಯನ್ನು ಸಾದಾ ಬಿಡಿ: ಮೇಲ್ಮೈ ಸಾಲಿನಲ್ಲಿ ನಿಟ್, ಒಳಮೈ ಸಾಲಿನಲ್ಲಿ ಪರ್ಲ್. ಆ ಕುಣಿಕೆ ಹೊಲಿಗೆಯೊಳಗೆ ಅಡಗಿಹೋಗುತ್ತದೆ.

ಉದ್ದವನ್ನು ಟೇಪಿನಲ್ಲಿ ಅಳೆದು ಸುಮ್ಮನಾಗಬೇಡಿ, ಸಾಲು ಎಣಿಸಿ. ನನ್ನ ಮೊದಲ ಸ್ವೆಟರ್‌ನಲ್ಲಿ ಬೆನ್ನಿನ ಭಾಗ 6 ಸಾಲು ಜಾಸ್ತಿಯಾಗಿ, ಪಕ್ಕದ ಹೊಲಿಗೆ ಪೂರ್ತಿ ಸುಕ್ಕಾಯಿತು. ಬಿಚ್ಚುವಾಗ ಅಳುವೇ ಬಂತು. ಈಗ 10 ಸಾಲಿಗೊಮ್ಮೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸುತ್ತೇನೆ.

ಜೋಡಿಸುವ ಮೊದಲು ಪ್ರತಿ ಭಾಗವನ್ನೂ ಒದ್ದೆ ಮಾಡಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಅಳತೆಗೆ ಹರಡಿ ನೆರಳಲ್ಲಿ ಒಣಗಿಸಿ. ಅಕ್ರಿಲಿಕ್ ದಾರವಾದರೆ ಇಸ್ತ್ರಿ ಪೆಟ್ಟಿಗೆ ಹತ್ತಿರ ತರಲೇಬೇಡಿ, ಉಬ್ಬೆಲ್ಲ ಚಪ್ಪಟೆಯಾಗುತ್ತದೆ.

ಮೊದಲು ಭುಜ, ಆಮೇಲೆ ತೋಳು, ಕೊನೆಗೆ ಪಕ್ಕ. ಪಕ್ಕ ಹೊಲಿಯುವಾಗ ಮೇಲ್ಮೈ ನಿಮ್ಮ ಕಡೆಗಿರಲಿ. ಅಂಚಿನ ಕುಣಿಕೆಯ ಪಕ್ಕದಲ್ಲೇ ಏಣಿಯ ಮೆಟ್ಟಿಲಿನಂತೆ ಅಡ್ಡ ಎಳೆಗಳು ಕಾಣುತ್ತವೆ. ಈ ಕಡೆ ಒಂದು, ಆ ಕಡೆ ಒಂದು ಎತ್ತುತ್ತಾ ಹೋಗಿ. ನಾಲ್ಕೈದು ಎತ್ತಿದ ಮೇಲೆ ದಾರ ಮೆಲ್ಲಗೆ ಎಳೆಯಿರಿ. ಹೊಲಿಗೆ ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ.