ಬಾಡಿಗೆ ಮನೆ ಸೋರಿದರೆ ಬಣ್ಣಕ್ಕಿಂತ ಮೊದಲು ಮಾಳಿಗೆ ಹತ್ತಿ

ಮಳೆ ಹೊಡೆಯುವಾಗ ಛತ್ತಿನಿಂದ ನೀರು ತೊಟ್ಟಿಕ್ಕಿದರೆ ಬಕೆಟ್ ಹುಡುಕುವ ಮೊದಲು ಕರೆಂಟಿನ ಕಡೆ ನೋಡಿ. ಫ್ಯಾನಿನ ಕೊಕ್ಕೆ, ಬಲ್ಬಿನ ಹೋಲ್ಡರ್, ಸ್ವಿಚ್ ಬೋರ್ಡು ಇವುಗಳ ಹತ್ತಿರ ಎಲ್ಲಿ ಒದ್ದೆ ಕಂಡರೂ ಆ ಕೋಣೆಯ ಎಂಸಿಬಿ (ಕರೆಂಟು ಕಡಿಯುವ ಪುಟ್ಟ ಸ್ವಿಚ್ಚು) ಇಳಿಸಿ. ಯಾವುದು ಯಾವ ಕೋಣೆಯದೆಂದು ಗೊತ್ತಿಲ್ಲದಿದ್ದರೆ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ. ಕೈ ಒರೆಸಿಕೊಂಡಿರಬೇಕು, ಕಾಲಲ್ಲಿ ಒಣಗಿದ ಚಪ್ಪಲಿ ಇರಬೇಕು. ಮೇನ್ ಸ್ವಿಚ್ಚೇ ನೆನೆದಿದ್ದರೆ ಮುಟ್ಟಲೇಬೇಡಿ, ನಮ್ಮ ಕಡೆಯ ಕರೆಂಟಿನ ಕಂಪನಿ ಜೆಸ್ಕಾಂನ 1912ಕ್ಕೆ ಫೋನ್ ಮಾಡಿ. ನಾನು ಇರುವುದು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ. ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುತ್ತೇನೆ. ನನ್ನಂಥವರ ಮನೆಯಲ್ಲಿ ಮೋಟಾರಿನ ಮಷೀನು ದಿನವಿಡೀ ಓಡುತ್ತಿರುತ್ತದೆ. ಹಾಗಾಗಿ ನೆಲದ ಮೇಲೆ ಹರಿಯುವ ನೀರಿಗಿಂತ ವೈರಿನೊಳಗೆ ಇಳಿಯುವ ನೀರಿಗೇ ನಾನು ಹೆಚ್ಚು ಹೆದರುತ್ತೇನೆ.

ಆಮೇಲೆ ಬಟ್ಟೆ. ಕಟಿಂಗ್ ಆಗಿ ಬಂದ ಬಂಡಲ್‌ಗಳು ನೆಲಕ್ಕೆ ತಾಗಬಾರದು, ಗೋಡೆಗೂ ಒರಗಬಾರದು. ಮಂಚದ ಮೇಲಿಟ್ಟು ಮೇಲೆ ತಾಡಪತ್ರಿ ಹೊದಿಸಿ. ನೆನೆದ ಡೆನಿಮ್ ನೀಲಿ ಬಿಡುತ್ತದೆ. ಜೇಬಿನ ಬಿಳಿ ಬಟ್ಟೆಗೆ ಆ ನೀಲಿ ಹತ್ತಿತೆಂದರೆ ಹೋಗುವುದು ಕಷ್ಟ. ಅದಕ್ಕೇ ಒದ್ದೆಯಾದದ್ದನ್ನು ಒಣಗಿದ್ದರಿಂದ ಕೂಡಲೇ ಬೇರೆ ಮಾಡಿ, ನೆರಳಲ್ಲಿ ಬಿಡಿಬಿಡಿಯಾಗಿ ಹರವಿ. ಛತ್ತಿನ ಗಿಲಾವು ಉಬ್ಬಿ ಜೋತಿದ್ದರೆ ಅದರ ಕೆಳಗೆ ಮಕ್ಕಳನ್ನು ಮಲಗಿಸಬೇಡಿ, ಹೆಂಟೆಗಟ್ಟಲೆ ಬೀಳುತ್ತದೆ.

ಇನ್ನು ಮುಖ್ಯ ಕೆಲಸ. ನೀರು ಬೀಳುವ ಜಾಗ ಒಂದು, ನೀರು ಒಳಗೆ ಹೊಕ್ಕ ಜಾಗ ಇನ್ನೊಂದು. ಸ್ಲ್ಯಾಬಿನೊಳಗೆ ಸಿಕ್ಕ ಸಂದಿ ಹಿಡಿದು ಹರಿದು ಬಂದು, ವೈರಿನ ಪೈಪೋ ಕೊಕ್ಕೆಯೋ ಇದ್ದಲ್ಲಿ ಇಳಿಯುತ್ತದೆ. ಆದ್ದರಿಂದ ಛತ್ತಿನ ಒದ್ದೆ ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ, ಫೋಟೋ ತೆಗೆಯಿರಿ. ಮುಂದಿನ ಮಳೆಗೆ ಕಲೆ ಗೆರೆ ದಾಟಿತಾ ನೋಡಿ. ಮಳೆಯಿಲ್ಲದ ದಿನಗಳಲ್ಲೂ ಅದು ಹಿಗ್ಗುತ್ತಿದ್ದರೆ ತಪ್ಪು ಮಳೆಯದಲ್ಲ, ಮೇಲಿನ ಟ್ಯಾಂಕಿನದೋ ಪೈಪಿನದೋ ಇರಬೇಕು.

ಮಳೆ ನಿಂತ ಮೇಲೆ ಮಾಳಿಗೆ ಹತ್ತಿ. ಜಾರುತ್ತದೆ, ಪ್ಯಾರಾಪೆಟ್ಟಿಗೆ (ಅಂಚಿನ ಗಿಡ್ಡ ಗೋಡೆಗೆ) ಒರಗಬೇಡಿ. ಮೊದಲು ನೀರು ಹೋಗುವ ಪೈಪಿನ ಬಾಯಿ ನೋಡಿ. ನಮ್ಮೂರಲ್ಲಿ ಬೇಸಿಗೆಯುದ್ದಕ್ಕೂ ಧೂಳು ಬಂದು ಕೂರುತ್ತದೆ, ಅದಕ್ಕೆ ಬೇವಿನೆಲೆ, ಪಾರಿವಾಳದ ಪುಕ್ಕ, ಪ್ಲಾಸ್ಟಿಕ್ ಚೀಲ ಸೇರುತ್ತವೆ. ಮೊದಲ ಮಳೆಗೆ ಎಲ್ಲ ಕೂಡಿ ಪೈಪಿಗೆ ಬಿರಡೆ ಹಾಕಿದಂತಾಗುತ್ತದೆ. ನಿಂತ ನೀರು ಸಣ್ಣ ಬಿರುಕನ್ನೂ ಬಿಡುವುದಿಲ್ಲ. ಎಷ್ಟೋ ಮನೆಗಳ ಸೋರಿಕೆ ಈ ಬಾಯಿ ಬಿಡಿಸಿದರೆ ಅರ್ಧ ಕಡಿಮೆಯಾಗುತ್ತದೆ, ಅದಕ್ಕೆ ದುಡ್ಡೂ ಬೇಕಿಲ್ಲ.

ಎರಡನೆಯದಾಗಿ, ಪ್ಯಾರಾಪೆಟ್ ಗೋಡೆ ಮಾಳಿಗೆಗೆ ಕೂಡುವ ಮೂಲೆ. ಏಪ್ರಿಲ್, ಮೇನಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಸ್ಲ್ಯಾಬು ಹಗಲು ಕಾದು ಹಿಗ್ಗುತ್ತದೆ, ರಾತ್ರಿ ಆರಿ ಕುಗ್ಗುತ್ತದೆ, ಹಾಗೆ ಮಾಡುತ್ತಾ ಮಾಡುತ್ತಾ ಆ ಸಂದು ಬಾಯಿ ಬಿಡುತ್ತದೆ. ಎರೆ ಭೂಮಿಯ ಮೇಲೆ ಕಟ್ಟಿದ ಮನೆಯಾದರೆ ಗೋಡೆಗಳಲ್ಲೂ ಓರೆ ಬಿರುಕು ಏಳುತ್ತವೆ, ಏಕೆಂದರೆ ಎರೆ ಮಣ್ಣು ಒಣಗಿದಾಗ ಸೀಳಿ ನೆನೆದಾಗ ಉಬ್ಬುತ್ತದೆ. ವರ್ಷಕ್ಕೆ ಬೀಳುವ ಮಳೆಯೇ ಕಡಿಮೆ ಎಂದು ಇದನ್ನೆಲ್ಲ ಯಾರೂ ಗಮನಿಸುವುದಿಲ್ಲ. ಉತ್ತರಿ, ಹಸ್ತ ಮಳೆ ಜೋರಾಗಿ ಹಿಡಿದಾಗ ಎಲ್ಲ ಒಟ್ಟಿಗೇ ಗೊತ್ತಾಗುತ್ತದೆ.

ಆದರೂ ಜಾಗ ಸಿಗದಿದ್ದರೆ, ಮಳೆಯಿಲ್ಲದ ದಿನ ಮಾಲೀಕರನ್ನು ಕೇಳಿ ನೀರು ನಿಲ್ಲಿಸಿ ನೋಡಿ. ಪೈಪಿನ ಬಾಯಿಗೆ ಚಿಂದಿ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ತುರುಕಿ, ಮಾಳಿಗೆಯ ಒಂದು ಭಾಗಕ್ಕೆ ಮಣ್ಣಿನ ಸಣ್ಣ ಬದು ಕಟ್ಟಿ, ಒಂದಿಂಚು ನೀರು ಬಿಟ್ಟು 24 ಗಂಟೆ ಕಾಯಿರಿ. ಕೆಳಗೆ ಒದ್ದೆ ಬಂದರೆ ಆ ಭಾಗವೇ ಕಳ್ಳ. ಬರದಿದ್ದರೆ ಬದು ಮುಂದಕ್ಕೆ ಸರಿಸಿ. ಆರ್‌ಸಿಸಿ (ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ) ಸ್ಲ್ಯಾಬಿಗೆ ಮಾತ್ರ ಇದು. ತೊಲೆ ಹಾಕಿದ ಹಳೇ ಮಣ್ಣಿನ ಮಾಳಿಗೆ ಮೇಲೆ ನೀರು ನಿಲ್ಲಿಸಬೇಡಿ.

ಈಗ ಮಾಲೀಕರ ಹತ್ತಿರ ಹೋಗಿ. ಬರೀ ಬಾಯಿ ಮಾತು ಬೇಡ, ಫೋಟೋ ಮೊದಲು ವಾಟ್ಸಾಪಿನಲ್ಲಿ ಕಳಿಸಿ, ತಾರೀಖು ಅಲ್ಲಿ ಉಳಿಯುತ್ತದೆ. ಸಾಮಾನ್ಯವಾಗಿ ಬರುವ ಉತ್ತರ: "ಒಳಗ ಒಂದ್ ಕೋಟ್ ಬಣ್ಣ ಹೊಡಸ್ತೀನಿ ಬಿಡಮ್ಮ." ಒಪ್ಪಬೇಡಿ. ಒಳಗೆ ಹೊಡೆದ ಬಣ್ಣ ಮೇಲಿಂದ ಬರುವ ನೀರನ್ನು ತಡೆಯುವುದಿಲ್ಲ, ಮುಂದಿನ ಮಳೆಗೆ ಉಬ್ಬಿ ಉದುರುತ್ತದೆ. ನಮ್ಮ ತೊಂದರೆ ಹೇಳಿಕೊಂಡರೆ ಅವರಿಗೆ ಅಷ್ಟಾಗಿ ನಾಟುವುದಿಲ್ಲ, ಅವರ ಆಸ್ತಿಯ ಮಾತು ನಾಟುತ್ತದೆ. "ಅಣ್ಣಾ, ನೀರು ಸ್ಲ್ಯಾಬಿನ ಕಂಬಿಗೆ ಹೋಗಾಕತ್ತೈತಿ, ತುಕ್ಕು ಹಿಡದು ಕಂಬಿ ಉಬ್ಬಿದ್ರ ಗಿಲಾವು ಎಲ್ಲ ಕಿತ್ತ್ ಬರ್ತೈತಿ, ಒಂದ್ಸಲ ಮ್ಯಾಲೆ ಬಂದ್ ನೋಡ್ರಿ" ಎಂದು ಕರೆದುಕೊಂಡು ಹೋಗಿ. ಇದು ಹೆದರಿಸುವ ಮಾತಲ್ಲ, ಆಗುವುದೇ ಹಾಗೆ.

ಅಷ್ಟಕ್ಕೂ ಕೇಳದಿದ್ದರೆ ಕಾನೂನು ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ, ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ನಿಮ್ಮ ಕರಾರು ಪತ್ರದಲ್ಲಿ ರಿಪೇರಿ ಯಾರದೆಂದು ಬರೆದಿದೆ, ಮೊದಲು ಓದಿ. ಅಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತದೆ. ಬಿಲ್ಲುಗಳನ್ನು ಜೋಪಾನವಾಗಿಡಿ. ಕೇಳದೆ ಬಾಡಿಗೆ ನಿಲ್ಲಿಸುವುದು ಮಾತ್ರ ಬೇಡ, ಜಗಳ ಸೋರಿಕೆ ಬಿಟ್ಟು ಬಾಡಿಗೆಗೆ ತಿರುಗಿಬಿಡುತ್ತದೆ.

ಮಳೆಗಾಲದ ನಡುವೆ ಆಗುವುದು ತಾತ್ಕಾಲಿಕ ಕೆಲಸ ಅಷ್ಟೇ. ತಾಡಪತ್ರಿ ಹಾಸಿ, ಒಂದು ಅಂಚನ್ನು ಪ್ಯಾರಾಪೆಟ್ ಮೇಲಿಂದ ಆಚೆ ಇಳಿಬಿಟ್ಟು ಇಟ್ಟಿಗೆ ಹೇರಿ. ಪೂರ್ತಿ ಕೆಲಸವನ್ನು ಮಾಳಿಗೆ ಚೆನ್ನಾಗಿ ಒಣಗಿದ ಮೇಲೆ, ಮಾರ್ಚ್ ಹೊತ್ತಿಗೆ, ಮೇಸ್ತ್ರಿಯಿಂದ ಮಾಡಿಸಿ. ನೀವೂ ಪಕ್ಕದಲ್ಲಿ ನಿಂತಿರಿ. ಬಿರುಕನ್ನು ವಿ ಆಕಾರದಲ್ಲಿ ಅಗಲ ಮಾಡಿ ಧೂಳು ಪೂರಾ ತೆಗೆಯಬೇಕು. ಬರೀ ಸಿಮೆಂಟು ಮೆತ್ತಿದರೆ ಒಂದೇ ಬೇಸಿಗೆಗೆ ಬಿಡುತ್ತದೆ. ಲೇಟೆಕ್ಸ್ ದ್ರಾವಣ (ರಬ್ಬರಿನಂಥ ಅಂಟು ದ್ರವ) ಬೆರೆಸಿದ ಗಾರೆ ತುಂಬಬೇಕು, ಪ್ಯಾರಾಪೆಟ್ ಮೂಲೆಯನ್ನು ಗಾರೆಯಿಂದ ಗುಂಡಗೆ ತಿದ್ದಬೇಕು, ನೀರು ಪೈಪಿನ ಕಡೆ ಓಡುವಂತೆ ವಾಟ ಇರಬೇಕು. ಅದರ ಮೇಲೆ ವಾಟರ್‌ಪ್ರೂಫ್ ಲೇಪ ಎರಡು ಸಲ, ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಬಿರುಕಿದ್ದಲ್ಲಿ ನಡುವೆ ಫೈಬರ್ ಜಾಲರಿ. ಲೇಪಕ್ಕೆ ಬಿಳಿ ಬಣ್ಣವನ್ನೇ ಕೇಳಿ, ಬಿಸಿಲನ್ನು ತಿರುಗಿಸುತ್ತದೆ. ಕೆಳಗೆ ಮಷೀನಿನ ಮುಂದೆ ಕೂತವರಿಗೆ ಮೇ ತಿಂಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಒಳಗಿನ ಬಣ್ಣ ಕೊನೆಗೆ. ಗೋಡೆ ಪೂರ್ತಿ ಒಣಗಲು ವಾರಗಟ್ಟಲೆ ಬೇಕು. ಮೇಲೆದ್ದ ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಬೂಷ್ಟು ಇದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ.

ಬೇರೆ ಮನೆ ನೋಡುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಮಾಳಿಗೆ ಹತ್ತಿ ನೋಡಲು ಕೇಳಿ. ಛತ್ತಿನಲ್ಲಿ ಒಂದು ಕಡೆ ಮಾತ್ರ ಹೊಸ ಬಣ್ಣ ಕಂಡರೆ ಅಲ್ಲಿ ಕೈಯಿಟ್ಟು, ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗಿಲಾವು ಸ್ಲ್ಯಾಬು ಬಿಟ್ಟಿದೆ. ಸೋರಿದರೆ ರಿಪೇರಿ ಮಾಲೀಕರದು, ಮಾಳಿಗೆಯ ಬೀಗದ ಕೈ ಒಂದು ನಮ್ಮ ಹತ್ತಿರವೂ ಇರಬೇಕು, ಈ ಎರಡನ್ನೂ ಕರಾರಿನಲ್ಲಿ ಬರೆಸಿಕೊಂಡೇ ಸಹಿ ಹಾಕಿ.